ಐವರ ಎದುರು ನಾಲ್ವರು: ಫುಟ್ಸಾಲ್ ವಿಶ್ವಕಪ್ ನೋಡಿ ನಾನು ಕಲಿಸಿದ ರಕ್ಷಣೆ

ಗೋಲ್‌ಕೀಪರ್ ಸೇರಿ ತಂಡಕ್ಕೆ ಐವರಂತೆ ಪುಟ್ಟ ಅಂಕಣದಲ್ಲಿ ಆಡುವ ಫುಟ್‌ಬಾಲ್, ಅಂದರೆ ಫುಟ್ಸಾಲ್‌ನ ಹವ್ಯಾಸಿ ತಂಡವೊಂದರ ತರಬೇತಿಯ ಹೊಣೆ ಹೊತ್ತ ಮೊದಲ ವರ್ಷದಲ್ಲಿ ನಮ್ಮ ಮೂರು ಪಂದ್ಯಗಳು ಕೊನೆಯ ಮೂರು ನಿಮಿಷಗಳಲ್ಲಿ ಕೈತಪ್ಪಿದವು. ಮೂರರಲ್ಲೂ ನಾವು ಒಂದು ಗೋಲಿನಿಂದ ಮುಂದಿದ್ದೆವು. ಎದುರಾಳಿಗಳು ತಮ್ಮ ಗೋಲ್‌ಕೀಪರ್‌ನನ್ನು ಹೊರಗೆ ಕರೆಸಿಕೊಂಡು, ಕೀಪರ್ ಅಂಗಿ ತೊಟ್ಟ ಇನ್ನೊಬ್ಬ ಆಟಗಾರನನ್ನು ಕಣಕ್ಕಿಳಿಸಿ, ಐವರಾಗಿ ನಮ್ಮ ನಾಲ್ವರ ಮೇಲೆ ದಾಳಿಗೆ ಬಂದರು. ನಮ್ಮ ಹುಡುಗರು ಚೆಂಡಿನ ಹಿಂದೆ ಓಡಿ ಓಡಿ ಸುಸ್ತಾದರು, ಗೋಲುಗಳು ಬಿದ್ದವು. ಅವರಲ್ಲಿ ಛಲಕ್ಕೆ ಕೊರತೆ ಇರಲಿಲ್ಲ. ಎಲ್ಲಿ ನಿಲ್ಲಬೇಕೆಂದು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ.

ಪವರ್ ಪ್ಲೇ ಎಂದು ಕರೆಯುವ ಈ ತಂತ್ರ ನಿಯಮದ ಒಂದು ಸಂದಿಯಿಂದ ಹುಟ್ಟಿದೆ. ಗೋಲ್‌ಕೀಪರ್ ತನ್ನ ಅರ್ಧದಲ್ಲಿ ಚೆಂಡನ್ನು 4 ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳುವಂತಿಲ್ಲ. ಒಮ್ಮೆ ಬಿಟ್ಟುಕೊಟ್ಟ ಮೇಲೆ, ಎದುರಾಳಿ ಮುಟ್ಟುವ ತನಕ, ತನ್ನ ಅರ್ಧದಲ್ಲಿ ಸಂಗಡಿಗರಿಂದ ಅದನ್ನು ಮತ್ತೆ ಪಡೆಯುವಂತೆಯೂ ಇಲ್ಲ. ಮಧ್ಯರೇಖೆ ದಾಟಿದ ಕೂಡಲೇ ಈ ಕಟ್ಟುಗಳು ಅವನಿಗೆ ಅನ್ವಯಿಸುವುದಿಲ್ಲ. ಹಾಗಾಗಿ 40 ಮೀಟರ್ ಉದ್ದದ ಅಂಕಣದ ಒಂದು ಅರ್ಧದಲ್ಲೇ ಐವರೂ ನೆಲೆಯೂರಿ, ತಮ್ಮ ಗೋಲನ್ನು ಬರಿದಾಗಿ ಬಿಟ್ಟು, ನಿಧಾನವಾಗಿ ಪಾಸ್ ಮಾಡುತ್ತಾ ರಕ್ಷಕರಲ್ಲಿ ಒಬ್ಬ ತಪ್ಪುವುದನ್ನು ಕಾಯುತ್ತಾರೆ.

ಆ ವರ್ಷದ ಬಿಡುವಿನಲ್ಲಿ ನಾನು ಫಿಫಾ ಫುಟ್ಸಾಲ್ ವಿಶ್ವಕಪ್‌ನ ಹಳೆಯ ಪಂದ್ಯಗಳನ್ನು ನೋಡಲು ಕುಳಿತೆ. ಮೊದಲು ಫೈನಲ್‌ಗಳ ಫಲಿತಾಂಶಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ, ಮುಂದಿನದನ್ನು ಆ ಬಳಿಕ ಸೇರಿಸಿದೆ. 1989ರಲ್ಲಿ ನೆದರ್‌ಲೆಂಡ್ಸ್ ನೆಲದಲ್ಲಿ ಬ್ರೆಜಿಲ್ ಆತಿಥೇಯರನ್ನು 2-1ರಿಂದ ಸೋಲಿಸಿತು. 2000ದಲ್ಲಿ ಸ್ಪೇನ್ ಬ್ರೆಜಿಲ್ ವಿರುದ್ಧ 4-3ರಿಂದ, 2004ರಲ್ಲಿ ಇಟಲಿ ವಿರುದ್ಧ 2-1ರಿಂದ ಗೆದ್ದಿತು. 2012ರಲ್ಲಿ ಬ್ರೆಜಿಲ್ ಹೆಚ್ಚುವರಿ ಸಮಯದಲ್ಲಿ ಸ್ಪೇನನ್ನು 3-2ರಿಂದ, 2016ರಲ್ಲಿ ಅರ್ಜೆಂಟೀನಾ ರಷ್ಯಾವನ್ನು 5-4ರಿಂದ, 2021ರಲ್ಲಿ ಪೋರ್ಚುಗಲ್ ಅರ್ಜೆಂಟೀನಾವನ್ನು 2-1ರಿಂದ, 2024ರಲ್ಲಿ ಬ್ರೆಜಿಲ್ ಅದೇ ಅರ್ಜೆಂಟೀನಾವನ್ನು 2-1ರಿಂದ ಮಣಿಸಿದವು. ಹತ್ತು ಫೈನಲ್‌ಗಳ ಪೈಕಿ ಏಳರಲ್ಲಿ ಅಂತರ ಒಂದೇ ಗೋಲು; 2008ರ ಫೈನಲ್ 2-2ರಲ್ಲಿ ನಿಂತು ಪೆನಾಲ್ಟಿಗಳಲ್ಲಿ ಇತ್ಯರ್ಥವಾಯಿತು. ಜಗತ್ತಿನ ಅತ್ಯುತ್ತಮ ತಂಡಗಳಿಗೂ ಒಂದು ಗೋಲಿನ ಮುನ್ನಡೆಯನ್ನು ಕಾಯುವುದೇ ಕೊನೆಯ ಪರೀಕ್ಷೆ ಎಂಬುದು ಆ ಹಾಳೆಯಿಂದ ನನಗೆ ಮನದಟ್ಟಾಯಿತು.

ಹೆಚ್ಚು ಹೊತ್ತು ನೋಡಿದ್ದು ಲಿಥುವೇನಿಯಾದ ಕೌನಾಸ್‌ನಲ್ಲಿ ನಡೆದ 2021ರ ಫೈನಲ್. ಪೋರ್ಚುಗಲ್‌ನ ಎರಡೂ ಗೋಲುಗಳನ್ನು ಪಾನಿ ವರೇಲಾ ಹೊಡೆದರು. ಎರಡನೆಯದು ಬಿದ್ದ ನಿಮಿಷದಲ್ಲೇ, ಅಂದರೆ 28ನೇ ನಿಮಿಷದಲ್ಲೇ, ಅರ್ಜೆಂಟೀನಾ ಒಂದನ್ನು ಹಿಂದಿರುಗಿಸಿತು. ಅಲ್ಲಿಂದ ಸುಮಾರು ಹನ್ನೆರಡು ನಿಮಿಷ ಪೋರ್ಚುಗಲ್ ಆ ಒಂದು ಗೋಲನ್ನು ಕಾಪಾಡಿಕೊಳ್ಳಬೇಕಿತ್ತು. ಚೆಂಡು ಹೊರಹೋದಾಗಲೆಲ್ಲ ಗಡಿಯಾರ ನಿಲ್ಲುವ ಈ ಆಟದಲ್ಲಿ ಹನ್ನೆರಡು ನಿಮಿಷ ಎಂದರೆ ಬಹಳ ದೀರ್ಘ ಸಮಯ. ಆ ಭಾಗವನ್ನು ನಾನು ಚೆಂಡನ್ನು ನೋಡದೆ, ಪ್ರತಿ ಸಲವೂ ಒಬ್ಬನೇ ರಕ್ಷಕನ ಪಾದಗಳ ಮೇಲೆ ಕಣ್ಣಿಟ್ಟು, ಮತ್ತೆ ಮತ್ತೆ ಓಡಿಸಿ ನೋಡಿದೆ. ಹೀಗೆ ನೋಡುವುದು ಬೇಸರದ ಕೆಲಸವೇ, ಆದರೆ ಬೇರಾವ ಕ್ರಮದಿಂದಲೂ ನಾನು ಇಷ್ಟು ಕಲಿತಿಲ್ಲ. ಅವರು ಹೆಚ್ಚು ಓಡುತ್ತಿರಲಿಲ್ಲ. ಒಬ್ಬ ಎರಡು ಹೆಜ್ಜೆ ಸರಿದರೆ ಉಳಿದ ಮೂವರೂ ಅಷ್ಟೇ ಸರಿಯುತ್ತಿದ್ದರು.

ಇದನ್ನು ಬಾಯಿಮಾತಿನಲ್ಲಿ ಹೇಳಿದಾಗ ನಮ್ಮ ಹುಡುಗರಿಗೆ ಅರ್ಥವಾಯಿತು, ಕಾಲಿಗೆ ಮಾತ್ರ ಇಳಿಯಲಿಲ್ಲ. ಕೊನೆಗೆ ಹಗ್ಗ ತಂದೆ. ನಾಲ್ವರನ್ನು ವಜ್ರಾಕಾರದಲ್ಲಿ ನಿಲ್ಲಿಸಿ, ಪಕ್ಕಪಕ್ಕದವರ ಸೊಂಟಗಳ ನಡುವೆ ಸುಮಾರು ನಾಲ್ಕು ಮೀಟರ್ ಉದ್ದದ ಹಗ್ಗ ಕಟ್ಟಿ, ಓಡಬಾರದು, ನಡೆಯಬೇಕು ಎಂದು ಕಟ್ಟಪ್ಪಣೆ ಮಾಡಿ, ಹೊರಗೆ ಐವರಿಂದ ಕೈಯಲ್ಲೇ ಚೆಂಡು ದಾಟಿಸಲು ಹೇಳಿದೆ. ಒಬ್ಬ ಆತುರದಿಂದ ಚೆಂಡಿನತ್ತ ನುಗ್ಗಿದರೆ ಹಗ್ಗ ಬಿಗಿದು ಪಕ್ಕದವನ ಸೊಂಟ ಜಗ್ಗುತ್ತಿತ್ತು. ಒಬ್ಬ ಸೋಮಾರಿಯಾಗಿ ನಿಂತರೆ ಅವನ ಬದಿಯ ಹಗ್ಗ ಜೋತು ನೆಲ ಮುಟ್ಟುತ್ತಿತ್ತು. ಯಾರು ತಪ್ಪಿದರೆಂದು ನಾನು ಹೇಳಬೇಕಾಗಿಯೇ ಬರಲಿಲ್ಲ. ನಾಲ್ಕನೆಯ ದಿನ ಹಗ್ಗ ಬಿಚ್ಚಿದ ಮೇಲೂ ಅವರು ಅದೇ ಅಂತರ ಉಳಿಸಿಕೊಂಡು ಸರಿಯತೊಡಗಿದರು.

ಎಂದೂ ಮುಂದೆ ನುಗ್ಗಬಾರದು ಎಂದೇನೂ ಅಲ್ಲ. ಮೂರು ಸಂದರ್ಭಗಳಲ್ಲಿ ಮಾತ್ರ ನುಗ್ಗಲು ಅನುಮತಿ ಕೊಟ್ಟೆ: ಪಾಸ್ ಪುಟಿದು ಬಂದಾಗ, ಚೆಂಡು ಪಡೆಯುವವನ ಬೆನ್ನು ನಮ್ಮ ಗೋಲಿನ ಕಡೆಗಿದ್ದಾಗ, ಚೆಂಡು ಮೂಲೆಗೆ ಹೋಗಿ ಎರಡು ಗೆರೆಗಳೂ ನಮ್ಮ ಪಾಲಿನ ರಕ್ಷಕರಾದಾಗ.

ಎಲ್ಲಕ್ಕಿಂತ ಕಠಿಣವಾದದ್ದು ದೂರದ ಕಂಬ. ನಾವು ತಿಂದ ಗೋಲುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಒಂದು ಬದಿಯಿಂದ ಗೋಲಿನ ಮುಂದೆ ಅಡ್ಡಲಾಗಿ ಹರಿದ ಪಾಸ್, ಇನ್ನೊಂದು ಬದಿಯ ಕಂಬದ ಬಳಿ ಒಂಟಿಯಾಗಿ ನಿಂತ ಆಟಗಾರನ ಒಂದೇ ಸ್ಪರ್ಶ. ನಮ್ಮ ಹಿಂದಿನ ರಕ್ಷಕ ಪ್ರತಿ ಸಲವೂ ಪೂರ್ತಿಯಾಗಿ ಚೆಂಡಿನತ್ತ ತಿರುಗಿ ನಿಂತಿರುತ್ತಿದ್ದ. ತನ್ನ ಬೆನ್ನ ಹಿಂದೆ ಒಬ್ಬನಿದ್ದಾನೆಂಬುದು ಅವನಿಗೆ ಗೋಲು ಬಿದ್ದ ಮೇಲೆಯೇ ತಿಳಿಯುತ್ತಿತ್ತು. ಅವನ ಸೊಂಟವನ್ನು ಕೈಯಾರೆ ಹಿಡಿದು ಓರೆಯಾಗಿ ತಿರುಗಿಸಿ, ಒಂದು ಭುಜ ಚೆಂಡಿನತ್ತ, ಇನ್ನೊಂದು ಆ ಆಟಗಾರನತ್ತ ಇರುವಂತೆ ನಿಲ್ಲಿಸಿದೆ. ದೂರದ ಕಾಲು ಪಾಸಿನ ದಾರಿಯಲ್ಲಿ ಮುಂಚಿತವಾಗಿಯೇ ಇರಬೇಕು. ಫುಟ್ಸಾಲ್ ಚೆಂಡು ಪುಟಿಯುವುದು ಕಡಿಮೆ. 2 ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಪುಟಿತ 50ರಿಂದ 65 ಸೆಂಟಿಮೀಟರ್ ಮಾತ್ರ. ಪಾಸ್‌ಗಳು ಹೆಚ್ಚಾಗಿ ನೆಲಕ್ಕಂಟಿಯೇ ಬರುವುದರಿಂದ, ಸರಿಯಾದ ಜಾಗದಲ್ಲಿರುವ ಒಂದು ಪಾದ ಒಂದು ಗೋಲನ್ನು ಉಳಿಸುತ್ತದೆ.

ಫೌಲ್‌ಗಳ ಲೆಕ್ಕವನ್ನೂ ಅಭ್ಯಾಸದಲ್ಲೇ ಇಟ್ಟೆವು. ಒಂದು ಅರ್ಧದಲ್ಲಿ ಐದು ಫೌಲ್‌ಗಳಾದ ಮೇಲೆ ಆರನೆಯದರಿಂದ ಎದುರಾಳಿಗೆ ರಕ್ಷಕರ ಅಡ್ಡಗೋಡೆ ಇಲ್ಲದ ಫ್ರೀ ಕಿಕ್ ಸಿಗುತ್ತದೆ, ಅದೂ 10 ಮೀಟರ್ ದೂರದಿಂದ. ಹೀಗಾಗಿ ಅಭ್ಯಾಸದ ಎರಡು ನಿಮಿಷಗಳ ಪ್ರತಿ ಸುತ್ತನ್ನೂ ಐದು ಫೌಲ್ ಆಗಿಹೋಗಿವೆ ಎಂದೇ ಭಾವಿಸಿ ಆಡಿಸಿದೆ. ಅಂಗಿ ಎಳೆಯುವ, ಹಿಂದಿನಿಂದ ಕಾಲು ಹಾಕುವ ಅಭ್ಯಾಸ ಎರಡೇ ವಾರಗಳಲ್ಲಿ ಬಿಟ್ಟುಹೋಯಿತು.

ಮುಂದಿನ ವರ್ಷ ಅಂಥದೇ ಸಂದರ್ಭ ಬಂತು. ನಾವು 3-2ರಿಂದ ಮುಂದಿದ್ದೆವು, ಉಳಿದದ್ದು ಎರಡು ನಿಮಿಷ ನಲವತ್ತು ಸೆಕೆಂಡ್, ನಮ್ಮ ಹೆಸರಿನಲ್ಲಿ ನಿಜಕ್ಕೂ ಐದು ಫೌಲ್. ಎದುರು ಬದಿಯಲ್ಲಿ ಕೀಪರ್ ಅಂಗಿ ತೊಟ್ಟವನು ಒಳಗೆ ಬಂದ. ನಾನು ಟೈಮ್‌ಔಟ್ ಕೇಳಿದೆ. ಆ ಒಂದು ನಿಮಿಷದಲ್ಲಿ ಹೊಸದೇನನ್ನೂ ಹೇಳದೆ, ಹಗ್ಗವನ್ನು ನೆನಪಿಸಿದೆ. ಒಮ್ಮೆ ನಮ್ಮವನು ಚೆಂಡು ಕಸಿದು ಬರಿದಾದ ಗೋಲಿಗೆ ದೂರದಿಂದ ಹೊಡೆದ, ಅದು ಕಂಬದ ಪಕ್ಕದಲ್ಲಿ ಹೊರಗೆ ಹೋಯಿತು. ಒಂಬತ್ತು ಸೆಕೆಂಡ್ ಇರುವಾಗ ಬಲಬದಿಯಿಂದ ಅದೇ ಅಡ್ಡ ಪಾಸ್ ಬಂತು. ಹಿಂದಿನ ರಕ್ಷಕ ಕಾಲು ಚಾಚಲಿಲ್ಲ, ಅದು ಆಗಲೇ ಅಲ್ಲಿತ್ತು. ಚೆಂಡು ಅವನ ಪಾದಕ್ಕೆ ಬಡಿದು ಪಕ್ಕದ ಗೆರೆ ದಾಟಿತು. ರೆಫರಿ ಕೈಯೆತ್ತಿ ಬೆರಳುಗಳಲ್ಲಿ ಸೆಕೆಂಡ್ ಎಣಿಸತೊಡಗಿದರು. ಪಕ್ಕದ ಗೆರೆಯಿಂದ ಚೆಂಡನ್ನು ನಾಲ್ಕು ಸೆಕೆಂಡ್‌ನೊಳಗೆ ಒದ್ದು ಆಟಕ್ಕೆ ತರಬೇಕಾದ ಕಿಕ್-ಇನ್ ತೆಗೆದುಕೊಳ್ಳುವ ಎದುರಾಳಿಗೆ ಪಾಸ್ ಕೊಡಲು ತೆರೆದ ಜಾಗ ಕಾಣಲಿಲ್ಲ, ನಾಲ್ಕು ಸೆಕೆಂಡ್ ಕಳೆದವು, ಚೆಂಡು ನಮ್ಮದಾಯಿತು.