ಮಳೆಗಾಲದಲ್ಲಿ ಕಾಲು ಬಿದ್ದ ಮರಿಗಳು: ಕೊಕ್ಕು ಒತ್ತಿ ನೋಡಿ

ಹೋದ ವರ್ಷ ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ 25 ಗಿರಿರಾಜ ಕೋಳಿಮರಿ ತಂದಿದ್ದೆ. ಮರಿಗೆ 40ರ ಆಚೆ ಈಚೆ ಕೊಟ್ಟ ನೆನಪು. ಸೋಮವಾರಪೇಟೆ ಕಡೆಯ ಜೂನ್ ತಿಂಗಳಲ್ಲಿ ಮರಿ ಸಾಕುವುದು ಹುಚ್ಚು ಎಂದು ಭಾವ ಆಗಲೇ ಹೇಳಿದ್ದರು. ಬಲ್ಬಿನ ಕೆಳಗೆ 2 ಸತ್ತವು, ಅದು ಲೆಕ್ಕಕ್ಕಿಲ್ಲ. 3 ವಾರಕ್ಕೆ ಸ್ಟಾರ್ಟರ್ ಫೀಡಿನ, ಅಂದರೆ ಎಳೆ ಮರಿಗಳ ಮೇವಿನ, ಚೀಲ ಖಾಲಿಯಾಯಿತು. ಇನ್ನೊಂದು ಚೀಲಕ್ಕೆ 2 ಸಾವಿರ ಯಾಕೆ ಸುರಿಯಬೇಕು, ಮನೆಯಲ್ಲಿ ನುಚ್ಚಿದೆ, ತೌಡಿದೆ ಎಂದು ಅದನ್ನೇ ಹಾಕಿದೆ. ಶೆಡ್ಡಿನ ಸುತ್ತ ನೀಲಿ ಟಾರ್ಪಾಲು. ಒಳಗೆ ಹಗಲೂ ಮಬ್ಬು.

ಪುನರ್ವಸು ಮಳೆ ಮುಗಿಯುವಾಗ ಒಂದು ಮರಿ ಕುಂಟಿತು. ಮಾರನೇ ದಿನ ಇನ್ನೆರಡು. ವಾರದೊಳಗೆ 9 ಮರಿ ಕಾಲಿನ ಗಂಟಿನ ಮೇಲೆ ಕುಕ್ಕರುಬಡಿದು ಕೂತವು. ಮೇವಿನ ಹತ್ತಿರ ಹೋಗಬೇಕಾದರೆ ರೆಕ್ಕೆ ಬಡಿದುಕೊಂಡು ತೆವಳುತ್ತಿದ್ದವು.

ನೋಡಿದವರೆಲ್ಲ ಒಂದೊಂದು ಹೇಳಿದರು. ಲೈನ್ ಮನೆಯ ಅಜ್ಜಿ "ಶೀತ" ಎಂದರು. ಭಾವ "ಮ್ಯಾರೆಕ್ಸ್, ಎಲ್ಲ ಕುಯ್ದುಬಿಡು" ಎಂದರು. ಮ್ಯಾರೆಕ್ಸ್ ಎಂಬ ವೈರಸ್ ರೋಗ ನನಗೆ ಹೊಸದಲ್ಲ. ಹಿಂದೊಮ್ಮೆ ಸಂತೆಯಿಂದ ತಂದ ಲಸಿಕೆಯಿಲ್ಲದ ನಾಟಿ ಮರಿಗಳಲ್ಲಿ ನೋಡಿದ್ದೇನೆ: ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ. ಅದಕ್ಕೆ ಮದ್ದಿಲ್ಲ. ಇವು ಹಾಗೆ ಕೂತಿರಲಿಲ್ಲ. ಬೆರಳು ಒಳಗೆ ಮುದುಡಿರಲಿಲ್ಲ, ಆದರೂ ಬಿ-2 ವಿಟಮಿನ್ ಕೊರತೆ ಇರಬಹುದೆಂದು ಬಿ-ಕಾಂಪ್ಲೆಕ್ಸ್ ಸಿರಪ್ ನೀರಿಗೆ ಹಾಕಿದೆ. 5 ದಿನ, 120 ರೂಪಾಯಿ, ಏನೂ ಆಗಲಿಲ್ಲ. ಗಂಟಿನ ಹಿಂದಿನ ನರ (ಸ್ನಾಯುವಿನ ಹುರಿ) ಜಾರಿದೆಯೋ ಎಂದು ಒಂದೊಂದನ್ನೂ ತಿರುಗಿಸಿ ನೋಡಿದೆ. ನರ ಇದ್ದಲ್ಲೇ ಇತ್ತು.

ಆಮೇಲೆ ಕ್ಯಾಲ್ಸಿಯಂ ಕಡಿಮೆಯಾಗಿದೆ ಅನ್ನಿಸಿತು. ಮೊಟ್ಟೆ ಚಿಪ್ಪು ಹುರಿದು ಪುಡಿ ಮಾಡಿ ಹಾಕಿದೆ. ಸಾಲದೆಂದು, ಅಂಗಡಿಯವನ ಮಾತು ಕೇಳಿ 5 ಕೆಜಿ ಲೇಯರ್ ಫೀಡ್ ತಂದೆ. ದೊಡ್ಡ ತಪ್ಪು. ಮೊಟ್ಟೆ ಇಡುವ ಕೋಳಿಯ ಮೇವಿನಲ್ಲಿ ನೂರಕ್ಕೆ ಮೂರೂವರೆ, ನಾಲ್ಕು ಭಾಗ ಕ್ಯಾಲ್ಸಿಯಂ ಇರುತ್ತದೆ. ಮರಿಗೆ ಬೇಕಾದದ್ದು ಒಂದು ಭಾಗ. ಉಳಿದದ್ದನ್ನು ಅದರ ಮೂತ್ರಪಿಂಡ ತಡೆಯುವುದಿಲ್ಲ. ಒಂದು ಮರಿ ಬರೀ ಬಿಳಿ ಹಿಕ್ಕೆ ಹಾಕಿ ಸತ್ತಿತು. ಉಳಿದ ಮೇವನ್ನು ದೊಡ್ಡ ಕೋಳಿಗಳಿಗೆ ಸುರಿದೆ.

ಕೊನೆಗೆ ಬೇಸತ್ತು ಒಂದನ್ನು ಕುಯ್ದೆ. ಗುಟ್ಟು ಒಡೆದದ್ದು ಅಡುಗೆಮನೆಯಲ್ಲಿ. ಹೆಂಡತಿ ಕಾಲು ಮುರಿಯಲು ಹೋದರೆ ಮೂಳೆ ಮುರಿಯಲೇ ಇಲ್ಲ, ಎಳೆ ಕಣಿಲೆಯ ಹಾಗೆ ಬಾಗಿತು! ಪಕ್ಕೆಲುಬಿನ ಬುಡದಲ್ಲಿ ಮಣಿ ಪೋಣಿಸಿದ ಹಾಗೆ ಸಾಲಾಗಿ ಗಂಟು. ನಾನು ಒಲೆ ಬಿಟ್ಟು ಶೆಡ್ಡಿಗೆ ಓಡಿ, ಬದುಕಿದ್ದ ಮರಿಯ ಕೊಕ್ಕನ್ನು ಎರಡು ಬೆರಳಲ್ಲಿ ಒತ್ತಿದೆ. ರಬ್ಬರಿನ ಹಾಗೆ ಮಣಿಯಿತು. ನಡೆಯುತ್ತಿದ್ದ ಮರಿಗಳದ್ದೂ ಕೆಲವು ಮೆತ್ತಗಿತ್ತು. ರಿಕೆಟ್ಸ್, ಡಿ ವಿಟಮಿನ್ ಸಾಲದೆ ಮೂಳೆ ಮೆತ್ತಗಾಗುವ ರೋಗ. ಸ್ಟಾರ್ಟರ್ ಫೀಡಿನಲ್ಲಿ ಡಿ-3 ಬೆರೆಸಿರುತ್ತಾರೆ, ನುಚ್ಚು ತೌಡಿನಲ್ಲಿ ಎಲ್ಲಿಂದ ಬರಬೇಕು? ಬಿಸಿಲಾದರೂ ಇದೆಯಾ ಎಂದರೆ ತಿಂಗಳಿಂದ ಸೂರ್ಯನ ಮುಖ ಕಂಡಿಲ್ಲ. ಡಿ ಇಲ್ಲದೆ ಎಷ್ಟು ಚಿಪ್ಪು ತಿನ್ನಿಸಿದರೂ ಅದು ಹಿಕ್ಕೆಗೇ ಹೋಗುತ್ತದೆ. ಗಿರಿರಾಜ ಬೇಗ ತೂಕ ಹಿಡಿಯುವ ತಳಿ ಬೇರೆ. ಅದೇ ಮೇವು ತಿಂದ ನಾಟಿ ಮರಿ ಎರಡು ಸುಮ್ಮನೆ ಓಡಾಡಿಕೊಂಡಿದ್ದವು.

ಉಳಿದದ್ದು 7. ನನಗೆ ಪರೀಕ್ಷೆ ಮಾಡಿ ನೋಡುವ ಚಟ. ಅಕ್ಕನ ಮನೆ ಕುಶಾಲನಗರದಲ್ಲಿ. ನಮ್ಮಲ್ಲಿ ಧೋ ಎಂದು ಸುರಿಯುವಾಗಲೂ ಅಲ್ಲಿ ಮಧ್ಯಾಹ್ನ ಒಂದು ತಾಸು ಬಿಸಿಲು ಬೀಳುತ್ತದೆ. 3 ಮರಿಯನ್ನು ಬುಟ್ಟಿಯಲ್ಲಿ ಹಾಕಿ ಬಸ್ಸು ಹತ್ತಿದೆ. "ಏನು, ಕೋಳಿಗೆ ಹವಾ ಬದಲಾವಣೆಯಾ?" ಎಂದು ಭಾವ ಊರಿಗೆಲ್ಲ ಹೇಳಿಕೊಂಡು ನಕ್ಕರು. ಅಕ್ಕ ಮೊದಲ 2 ದಿನ ಮರಿಗಳನ್ನು ಕಿಟಕಿಯ ಗಾಜಿನ ಹಿಂದೆ ಇಟ್ಟಿದ್ದಳು, ಗಾಳಿ ತಾಗಬಾರದೆಂದು. ಗಾಜಿನ ಹಿಂದೆ ಶಾಖ ಬರುತ್ತದೆ, ಡಿ ಆಗಲು ಬೇಕಾದ ಕಿರಣ ಬರುವುದಿಲ್ಲ. ಫೋನಿನಲ್ಲಿ ಬೈದು ತಾರಸಿಗೆ ಹಾಕಿಸಿದೆ.

ಮನೆಯಲ್ಲಿ ಉಳಿದ 4ಕ್ಕೆ ಮೆಡಿಕಲ್ಲಿನಲ್ಲಿ ಸಿಗುವ ಮೀನೆಣ್ಣೆ ಮಾತ್ರೆ, ಕಾಡ್ ಲಿವರ್. ಒಂದನ್ನು ಸೂಜಿಯಲ್ಲಿ ಚುಚ್ಚಿ ಎರಡು ಮರಿಗೆ ಹಂಚಿ, ದಿನಕ್ಕೊಮ್ಮೆ, 10 ದಿನ. ಜೊತೆಗೆ ದನಕ್ಕೆ ಕೊಡುವ ಕ್ಯಾಲ್ಸಿಯಂ ಟಾನಿಕ್ ನೀರಿಗೆ ಸ್ವಲ್ಪ. ಕೊಳ್ಳುವಾಗ ರಂಜಕವೂ (ಫಾಸ್ಫರಸ್) ಇದೆಯೇ ನೋಡಿ. ಭಾವ ತಾವು ನುಂಗುವ 60,000 ಯೂನಿಟ್ಟಿನ ಡಿ-3 ಪೊಟ್ಟಣ ತಂದು "ಇದನ್ನೇ ಹಾಕು, ಒಂದೇ ಸಲ ಮುಗಿಯಲಿ" ಎಂದರು. ಡಿ ಮಿತಿ ಮೀರಿದರೆ ಅದೂ ಕೇಡು, ಹಾಕಲಿಲ್ಲ. ಅಂಗಡಿಗೆ ಹೋಗಿ ಸ್ಟಾರ್ಟರ್ ಚೀಲವನ್ನೂ ತಂದೆ, ಉಳಿಸಿದ್ದ 2 ಸಾವಿರ ಹೋಯಿತು. ಎಣ್ಣೆಯ ವಾಸನೆಗೆ ಮುಖ ತಿರುಗಿಸುತ್ತಿದ್ದ ಮರಿಗಳಿಗೆ ಏನು ಬೆರೆಸಿ ತಿನ್ನಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಶನಿವಾರಸಂತೆಯಲ್ಲಿ ಸಿಕ್ಕಿದರೆ ಕಾಫಿ ಕುಡಿಸಿ, ಹೇಳುತ್ತೇನೆ.

ಗೋಣಿಗೆ ಎರಡು ತೂತು ಕೊಯ್ದು ಜೋಕಾಲಿ ಕಟ್ಟಿ ಒಂದು ಮರಿಯನ್ನು ಅದರಲ್ಲಿ ಕೂರಿಸಿಯೂ ನೋಡಿದೆ. ಅದು ಇಡೀ ದಿನ ಅರಚಿತು, ಬಿಚ್ಚಿದೆ. ಹುಟ್ಟಿ ಎರಡು ದಿನದ ಮರಿ ನುಣುಪು ಪೇಪರಿನ ಮೇಲೆ ಜಾರಿ ಕಾಲು ಅಗಲಿಸಿದರೆ ಬ್ಯಾಂಡೇಜ್ ಪಟ್ಟಿಯಲ್ಲಿ ಎರಡೂ ಕಾಲು ಸೇರಿಸಿ ಕಟ್ಟಿ ಸರಿ ಮಾಡಬಹುದು, ನಾನು ಮೂರು ನಾಲ್ಕು ಸಲ ಮಾಡಿದ್ದೇನೆ. ಈ ವಯಸ್ಸಿನವಕ್ಕೆ ಕಟ್ಟುವುದು ದಂಡ.

ಮನೆಯ 4ರಲ್ಲಿ 2 ಮರಿ ಆರನೇ ದಿನಕ್ಕೆ ಎದ್ದು ನಿಂತವು. ಕುಶಾಲನಗರದವು ಸ್ವಲ್ಪ ತಡ, 10 ದಿನ ಹಿಡಿಯಿತು. ಆಶ್ಲೇಷ ಮಳೆಯಲ್ಲಿ ಏಳೂ ನಡೆದವು. ಕೊಕ್ಕು ಗಟ್ಟಿಯಾಗಲು ಮಾತ್ರ ಎರಡು ವಾರದ ಮೇಲೆ ಬೇಕಾಯಿತು. ಬಾಗಿದ ಮೂಳೆ ಬಾಗಿದ್ದೇ: ಒಂದು ಹುಂಜ ಈಗಲೂ ಓರೆಯಾಗಿ ನಡೆಯುತ್ತದೆ, ಒಂದು ಹೇಂಟೆಯ ಎದೆಮೂಳೆ ಸೊಟ್ಟ. ಮಾತ್ರೆ, ಟಾನಿಕ್, ಬಸ್ಸು ಎಲ್ಲ ಸೇರಿ 600 ಚಿಲ್ಲರೆ, ಫೀಡ್ ಬೇರೆ. ಕೊಡಗಿನ ಹಬ್ಬ ಕೈಲ್‌ಪೊಳ್ದಿಗೆ ಬೇಡಿಕೆ ಇದ್ದರೂ ಆಗ ತೂಕ ಬಂದಿರಲಿಲ್ಲ. ಸುಗ್ಗಿ ಹಬ್ಬ ಪುತ್ತರಿಗೆ ನಾಲ್ಕು ಹುಂಜ ಮಾರಿ ಆ ಖರ್ಚೆಲ್ಲ ವಾಪಸ್ ಮಾಡಿಕೊಂಡೆ.

ಈ ವರ್ಷ ಶೆಡ್ಡಿನ ಒಂದು ಬದಿಗೆ ಬರೀ ಜಾಲರಿ ಬಿಟ್ಟಿದ್ದೇನೆ, ಹೊಳವಾದ ಕೂಡಲೇ ಟಾರ್ಪಾಲು ಎತ್ತುತ್ತೇನೆ. ಮೊನ್ನೆ ಪುಷ್ಯ ಮಳೆಯ ರಾತ್ರಿ ಭಾವನ ಫೋನ್. ಅವರೂ 10 ಮರಿ ತಂದಿದ್ದರಂತೆ, ಮೂರು ಕೂತಿವೆಯಂತೆ.

"ಕೊಕ್ಕು ಒತ್ತಿ ನೋಡಿದಿರಾ ಭಾವ?"

"ಒತ್ತಿದೆ ಮಾರಾಯ. ಮೆತ್ತಗಿದೆ. ನಿನ್ನ ಅಕ್ಕನ ಮನೆಯಲ್ಲಿ ಜಾಗ ಇದೆಯಾ?"