ಗಿಮರಾಯ್ಶ್ ಒಂದೇ ದಿನದಲ್ಲಿ: ಮೊದಲು ಬೆಟ್ಟ, ಆಮೇಲೆ ಊರು

ಪೋರ್ಚುಗಲ್‌ನ ಪೋರ್ಟೊದಿಂದ ಗಿಮರಾಯ್ಶ್‌ಗೆ ಒಂದೇ ದಿನ ರೈಲಲ್ಲಿ ಹೋಗಿಬಂದರೆ ಅಲ್ಲಿನ ಪೆನ್ಯ ಬೆಟ್ಟ ಆಗೋದೇ ಇಲ್ಲ, ಟೂರ್ ಬಸ್ಸೇ ಹಿಡೀರಿ ಅಂತ ಎಲ್ಲರೂ ಹೇಳಿದ್ದರು. ಮೂರನೇ ಸಲಕ್ಕೆ ಬೆಟ್ಟ, ಕೋಟೆ, ಅರಮನೆ, ಚರ್ಮ ಹದಮಾಡುತ್ತಿದ್ದ ಹಳೇ ಕೇರಿ ಕೋರುಶ್, ನಾಲ್ಕೂ ಆದವು. ತಲೆಗೆ ಹೆಚ್ಚುಕಮ್ಮಿ 35 ಯೂರೊ, ಊಟ ಸೇರಿ.

ಮೊದಲೆರಡು ಸಲ ಕೆಟ್ಟದ್ದು ಕೋಟೆಯಿಂದ ಶುರುಮಾಡಿದ್ದಕ್ಕೆ. ಬೆಟ್ಟಕ್ಕೆ ಹೋಗುವ ಕೇಬಲ್ ಕಾರು ಚಳಿಗಾಲದಲ್ಲಿ ಸಂಜೆ ಬೇಗ ನಿಲ್ಲುತ್ತೆ. ಊರೆಲ್ಲ ಸುತ್ತಿ ಅಲ್ಲಿಗೆ ಹೋಗುವಷ್ಟರಲ್ಲಿ ಬಾಗಿಲು ಹಾಕಿರುತ್ತೆ. ಹಾಗಾಗಿ ಪೋರ್ಟೊದ ಸಾವ್ ಬೆಂಟು ನಿಲ್ದಾಣದಿಂದ ಎಂಟರ ಸುಮಾರಿನ ರೈಲು ಹಿಡಿಯಿರಿ, ಒಂದೂಕಾಲು ಗಂಟೆ ದಾರಿ. ಹತ್ತುವ ಮುಂಚೆ ಟಿಕೆಟ್ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಲೇಬೇಕು, ದುಡ್ಡು ತುಂಬಿಸಿದ್ದರೆ ಸಾಲದು. ಅವಸರದಲ್ಲಿ ಬ್ರಾಗಾ ರೈಲು ಹತ್ತಿದ್ದರೆ ಲೊಸಾಡುವಿನಲ್ಲಿ ಇಳಿಯಿರಿ, ಹಳಿ ಕವಲೊಡೆಯುವುದು ಅಲ್ಲೇ. ಆದರೆ ಮುಂದಿನ ರೈಲಿಗೆ ಕಾಯಬೇಕು, ಬೆಳಗಿನ ಲೆಕ್ಕ ಅಲ್ಲಿಗೇ ತಪ್ಪಿತು.

ಗಿಮರಾಯ್ಶ್ ನಿಲ್ದಾಣದಿಂದ ನೇರ ಕೇಬಲ್ ಕಾರಿಗೆ. ಹತ್ತು ನಿಮಿಷದಲ್ಲಿ 400 ಮೀಟರ್ ಏರಿಸುತ್ತೆ. ಬೆಟ್ಟದ ತಲೆಗೆ ಮೋಡ ಕೂತಿದ್ದರೆ ಟಿಕೆಟ್ ಕೊಳ್ಳಬೇಡಿ, ಮೇಲೆ ಏನೂ ಕಾಣದು. ದುಡ್ಡು ಉಳಿಸೋಣ ಅಂತ ಕಾಲುದಾರಿಯನ್ನೂ ನೋಡಿದ್ದಾಯಿತು. ಮಳೆ ಬಿದ್ದ ಮಾರನೇ ದಿನ ಪಾಚಿ ಹಿಡಿದ ಗ್ರಾನೈಟ್ ಮೇಲೆ ಬೂಟೂ ನಿಲ್ಲಲ್ಲ.

ಇಳಿದ ಮೇಲೆ ಕೋಟೆಗೆ ಒಂದೇ ಏರು. ಅಲ್ಲಿಂದ ಅರಮನೆ, ಸಾಂತ ಮರಿಯ ಬೀದಿ, ಒಲಿವೇರ ಚೌಕ, ಕೋರುಶ್, ನಿಲ್ದಾಣ, ಬಹುಪಾಲು ಇಳಿಜಾರೇ. ಕಾಲು ಸೋತಿರುವಾಗ ಇದೇ ಲಾಭ. ಅರಮನೆಯ ಇಟ್ಟಿಗೆ ಚಿಮಣಿಗಳನ್ನು 15ನೇ ಶತಮಾನದ್ದೆಂದೇ ನಂಬಬೇಡಿ, 1937ರಿಂದ ನಡೆದ ದುರಸ್ತಿಯ ಕೈ ಅದರಲ್ಲಿ ಬಹಳ ಇದೆ. ಹಡಗಿನ ಹೊಟ್ಟೆ ಬೋರಲು ಹಾಕಿದಂಥ ಮರದ ಚಾವಣಿಗೆ ಮಾತ್ರ ಕತ್ತೆತ್ತಿ ನಿಲ್ಲಲೇಬೇಕು. ಕೋರುಶ್‌ನ ಚರ್ಮ ಹದಮಾಡುವ ಕಲ್ಲುತೊಟ್ಟಿಗಳನ್ನು ಬಸ್ಸಿನವರು ಬಿಟ್ಟುಹೋಗುತ್ತಾರೆ. 2023ರಲ್ಲಿ ಅವೂ ವಿಶ್ವ ಪರಂಪರೆಗೆ ಸೇರಿದವು. ಅರ್ಧ ಗಂಟೆ ಅಲ್ಲಿಗೇ ಇಡಿ.

ಬ್ರಿಟೇರುಶ್‌ನ ಹಳೇ ಬೆಟ್ಟದೂರಿನ ಅವಶೇಷಗಳನ್ನೂ ಅದೇ ದಿನ ಸೇರಿಸುವ ಪ್ರಯತ್ನ ಸೋತಿತು. ಬಸ್ಸು ಹೊಂದಲಿಲ್ಲ, ಟ್ಯಾಕ್ಸಿ ಉಳಿತಾಯವನ್ನೆಲ್ಲ ತಿಂದಿತು. ಅಲ್ಲಿ ಸಿಕ್ಕ ಬಹಳಷ್ಟು ವಸ್ತುಗಳು ಊರೊಳಗಿನ ಮಾರ್ಟಿನ್ಶ್ ಸಾರ್ಮೆಂಟು ಮ್ಯೂಸಿಯಂನಲ್ಲೇ ಇವೆ.

ಸಸ್ಯಾಹಾರಿಗಳು ಕಾಲ್ಡು ವೆರ್ಡ್ ಎಂಬ ಸೊಪ್ಪಿನ ಸೂಪು ಬಿಡಿ. ಸಾಸೇಜ್ ತುಂಡು ತೆಗೆಸಿದರೂ ರಸ ಅದರದ್ದೇ. 'ಸೋಪ ದ ಲೆಗೂಮ್ಶ್' (ತರಕಾರಿ ಸೂಪು) ಕೇಳಿ, ಮಾಂಸ ಹಾಕಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬಾದಾಮಿ-ಮೊಟ್ಟೆಯ ತೋರ್ಟ ತಿನಿಸಿನ ಹಿಟ್ಟಿಗೆ ಹಂದಿಕೊಬ್ಬು ಬೀಳುವುದುಂಟು. ಹಾಕದೆ ಮಾಡುವ ಅಂಗಡಿ ಒಂದು ಗೊತ್ತಿದೆ. ಜಾಗ ಇರೋದೇ ನಾಲ್ಕು ಮೇಜಿನದು, ಹೆಸರು ಹೇಳಲ್ಲ.