ರೊಕ್ಕದ ಲೆಕ್ಕ ಹೇಳಿ ಪ್ರಾರ್ಥನೆ ಮಾಡುವುದು

ನಮ್ಮ ಚರ್ಚಿನ ಸಭೆಯಲ್ಲಿ ನಾನು ಒಂಬತ್ತು ವರ್ಷ ಖಜಾಂಚಿಯಾಗಿದ್ದೆ. ಧಾರವಾಡ ಕಡೆಯ ಸಣ್ಣ ಸಭೆ, ಎಪ್ಪತ್ತು ಮನೆ. ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸವಾಲು, ಅಂದರೆ ಹರಾಜು, ನಡೆಯುತ್ತದೆ. ಕುಂಬಳಕಾಯಿ, ಕೋಳಿ, ಬಾಳೆಗೊನೆ, ಯಾರದೋ ಮನೆಯಲ್ಲಿ ಮಾಡಿದ ಕೇಕು. ಸಂತೆಯಲ್ಲಿ ಯಾರೂ ತಿರುಗಿ ನೋಡದ ತೆಂಗಿನಕಾಯಿ ಅಲ್ಲಿ 500 ರೂಪಾಯಿಗೆ ಹೋಗುತ್ತದೆ. ಆ ವರ್ಷ 31,400 ಬಂತು. ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. ಸೋಮವಾರ ಬ್ಯಾಂಕಿಗೆ ಕಟ್ಟಬೇಕಿತ್ತು. ಅದೇ ಸೋಮವಾರ ಮಗಳ ಕಾಲೇಜಿನ ಫೀಗೂ ಕಡೇ ದಿನ. 12,000 ತೆಗೆದೆ. ಹತ್ತು ದಿನದಲ್ಲಿ ಇಟ್ಟುಬಿಡುತ್ತೇನೆ ಅಂದುಕೊಂಡಿದ್ದೆ, ಐದು ತಿಂಗಳಾಯಿತು.

ಈ ಐದು ತಿಂಗಳು ನಾನು ಪ್ರಾರ್ಥನೆ ಬಿಟ್ಟಿದ್ದೆ ಅಂದುಕೊಳ್ಳಬೇಡಿ. ಮೊದಲಿಗಿಂತ ಹೆಚ್ಚೇ ಮಾಡುತ್ತಿದ್ದೆ. ಮನೆಕೂಟಗಳಲ್ಲಿ ನನ್ನನ್ನೇ ಪ್ರಾರ್ಥನೆಗೆ ಕರೆಯುತ್ತಿದ್ದರು, ಮಾತು ಚೆನ್ನಾಗಿ ಬರುತ್ತದಲ್ಲ! 'ಮಹೋನ್ನತನಾದ ತಂದೆಯೇ, ತಿಳಿದೋ ತಿಳಿಯದೆಯೋ ಮಾಡಿದ ನಮ್ಮ ಪಾಪಗಳನ್ನು ಕ್ಷಮಿಸು' ಅನ್ನುತ್ತಿದ್ದೆ. ತಿಳಿಯದೆ ಮಾಡಿದ್ದು ಯಾವುದು? 500ರ ನೋಟು ಇಪ್ಪತ್ತನಾಲ್ಕು, ಬೆರಳಿಗೆ ಎಂಜಲು ಹಚ್ಚಿ ಎಣಿಸಿಕೊಂಡಿದ್ದೆ. ಏದೆನ್ ತೋಟದಲ್ಲಿ ಆದಾಮ ಹವ್ವರು ಅಂಜೂರದ ಎಲೆ ಹೊಲಿದುಕೊಂಡರು ಅಂತ ಆದಿಕಾಂಡದಲ್ಲಿ ಓದುತ್ತೇವಲ್ಲ, ನಾನು ಹೊಲಿದುಕೊಂಡದ್ದು ಪ್ರಾರ್ಥನೆಯ ಮಾತುಗಳನ್ನೇ.

ಹಾಗಾಗಿ ನಾಚಿಕೆಯಲ್ಲಿ ಮುಳುಗಿದವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದು: ಕೆಲವು ದಿನ ಚೆಂದದ ಪ್ರಾರ್ಥನೆ ನಿಲ್ಲಿಸಿ. ಮನೆಯಲ್ಲಿ ಆಡುವ ಮಾತಿನಲ್ಲಿ ಹೇಳಿ. ಹುಬ್ಬಳ್ಳಿಯವರು ಹುಬ್ಬಳ್ಳಿ ಮಾತಲ್ಲಿ, ಮಂಗಳೂರಿನವರು ತುಳುವಿನಲ್ಲೋ ಕೊಂಕಣಿಯಲ್ಲೋ. ನಮ್ಮಪ್ಪ ಸಾಯುವ ತನಕ ನಾನು ಅವರಿಗೆ 'ನೀವು' ಅಂದವನು, ದೇವರಿಗೆ ಮಾತ್ರ ಚಿಕ್ಕಂದಿನಿಂದಲೂ 'ನೀನು'. ಆ ಸಲಿಗೆ ನಮ್ಮ ಭಾಷೆಯೇ ಕೊಟ್ಟಿದೆ. ಅದನ್ನು ಇಟ್ಟುಕೊಂಡೂ ನಾವು ಸಂಧಿ ಸಮಾಸದ ಹಿಂದೆ ಅಡಗುತ್ತೇವೆ.

ಎರಡನೆಯದು, ಮಾಡಿದ್ದನ್ನು ಅದರ ಹೆಸರಿನಲ್ಲೇ ಹೇಳಬೇಕು. ಇದು ಕಷ್ಟ. ಒಂದು ರಾತ್ರಿ ಎರಡು ಗಂಟೆಗೆ ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತೆ. ಮೊಣಕಾಲೂರಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಮೊದಲು ಬಂದದ್ದು ರೂಢಿಯ ಮಾತೇ: 'ನನ್ನ ಬಲಹೀನತೆಗಳನ್ನು...' ಅಲ್ಲಿಗೆ ನಿಲ್ಲಿಸಿದೆ. ಬಲಹೀನತೆ ಅಲ್ಲ ಅದು. ಆಮೇಲೆ, 'ಒಂದಿಷ್ಟು ಹಣದ ವಿಷಯದಲ್ಲಿ...' ಅದೂ ಅಲ್ಲ. ಬಹಳ ಹೊತ್ತು ಬಾಯಿ ಒಣಗಿ ಕೂತಿದ್ದೆ. ಕಡೆಗೆ ಹೊರಗೆ ಬಂದದ್ದು: 'ಸ್ವಾಮಿ, ಸುಗ್ಗಿ ಹಬ್ಬದ ರೊಕ್ಕದಾಗ ಹನ್ನೆರಡು ಸಾವಿರ ತಗೊಂಡೀನಿ. ಯಾರೂ ಕದ್ದಿಲ್ಲ, ಎಲ್ಲೂ ಬಿದ್ದಿಲ್ಲ. ನಾನ ತಗೊಂಡೀನಿ.' ಅದಕ್ಕೆ ಆಮೆನ್ ಕೂಡ ಹೇಳಲಿಲ್ಲ.

ಬೆಳಕು ಹೊಳೆಯಲಿಲ್ಲ, ಮನಸ್ಸು ಹಗುರವೂ ಆಗಲಿಲ್ಲ. ಹೊಟ್ಟೆ ತೊಳಸಿತು. ಆದರೆ ಐದು ತಿಂಗಳಲ್ಲಿ ಮೊದಲ ಸಲ ಸುಳ್ಳು ಸೇರದ ಮಾತೊಂದನ್ನು ದೇವರ ಮುಂದೆ ಆಡಿದ್ದೆ. ಬೈಬಲ್ಲಿನ 32ನೆಯ ಕೀರ್ತನೆಯಲ್ಲಿ ದಾವೀದ ರಾಜ, ಬಾಯಿಮುಚ್ಚಿಕೊಂಡಿದ್ದಾಗ ಎಲುಬು ಸವೆದುಹೋದವು ಅನ್ನುತ್ತಾನೆ. ಅದು ಕವಿಯ ಮಾತು ಅಂದುಕೊಂಡಿದ್ದೆ, ಬೆನ್ನುನೋವು ನನಗೇ ಬರುವವರೆಗೆ.

ಬಾಯಿಂದ ಬರದಿದ್ದರೆ ಬರೆಯಿರಿ. ಮಗಳ ಹಳೇ ನೋಟ್‌ಬುಕ್ಕಿನ ಹಾಳೆ ಸಾಕು. ತಾರೀಕು, ಮೊತ್ತ, ಯಾರಿಗೆ ಏನು ಸುಳ್ಳು ಹೇಳಿದೆ. ನಾನು ಕಾರ್ಯದರ್ಶಿಗೆ 'ಪಾಸ್‌ಬುಕ್ ಮನೇಲಿ ಬಿಟ್ಟು ಬಂದೆ' ಅಂತ ಮೂರು ಸಲ ಹೇಳಿದ್ದು ಬರೆದಾಗಲೇ ಲೆಕ್ಕಕ್ಕೆ ಸಿಕ್ಕಿತು. ಓದಿ ಪ್ರಾರ್ಥಿಸಿ ಹಾಳೆಯನ್ನು ಒಲೆಗೆ ಹಾಕಿ, ಬೈಬಲ್ಲಿನಲ್ಲಿ ಇಟ್ಟು ಮರೆಯಬೇಡಿ.

ಇಲ್ಲಿ ಒಂದು ಮಾತು ನಿಂತು ಹೇಳಬೇಕು. ಎಲ್ಲ ನಾಚಿಕೆಯೂ ತಪ್ಪು ಮಾಡಿದ್ದರಿಂದ ಬರುವುದಿಲ್ಲ. ಮಕ್ಕಳಾಗಲಿಲ್ಲ, ಗಂಡ ಬಿಟ್ಟುಹೋದ, ಚಿಕ್ಕಂದಿನಲ್ಲಿ ಯಾರೋ ಮೈಮುಟ್ಟಿ ಹಿಂಸೆ ಕೊಟ್ಟರು – ಇವಕ್ಕೆಲ್ಲ ಕ್ಷಮೆ ಕೇಳಬೇಡಿ, ಕೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಮಾರ್ಕನ ಸುವಾರ್ತೆಯಲ್ಲಿ 12 ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಹಿಂದಿನಿಂದ ಬಂದು ಬಟ್ಟೆ ಮುಟ್ಟುತ್ತಾಳೆ. ಯಾರು ಮುಟ್ಟಿದ್ದು ಅಂತ ಯೇಸು ಕೇಳಿದಾಗ ನಡುಗುತ್ತಾ ಬಂದು ನಡೆದದ್ದನ್ನೆಲ್ಲ ಹೇಳುತ್ತಾಳೆ. ನಿನ್ನ ಪಾಪ ಕ್ಷಮಿಸಿದೆ ಅಂತ ಅವಳಿಗೆ ಅವನು ಹೇಳುವುದಿಲ್ಲ, 'ಮಗಳೇ' ಅನ್ನುತ್ತಾನೆ. ಅಂಥವರ ಪ್ರಾರ್ಥನೆ ದೇವರ ಮುಂದೆ ದೂರು ಹೇಳುವುದಾಗಿರಲಿ, ಸಿಟ್ಟಾಗಿರಲಿ. 88ನೆಯ ಕೀರ್ತನೆ ಓದಿ. ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರದ ಸಾಲು ಕೂಡ ಸೇರಿಸಿಲ್ಲ.

ಆಮೇಲೆ ಇನ್ನೊಬ್ಬ ಮನುಷ್ಯನಿಗೆ ಹೇಳುವುದು. ಕಥೋಲಿಕರಿಗೆ ಪಾಪನಿವೇದನೆ ಇದೆ, ಕೇಳಿದ ಗುರು ಯಾರ ಮುಂದೆಯೂ ಬಾಯಿ ಬಿಡುವಂತಿಲ್ಲ. ನಮ್ಮಲ್ಲಿ ಭಾನುವಾರ ಎಲ್ಲರೂ ಒಟ್ಟಿಗೆ ಓದುವ ಪಾಪದ ಅರಿಕೆ ಇದೆ, ಅದರಲ್ಲಿ ನನ್ನ 12,000 ಯಾರಿಗೂ ಕೇಳಿಸುವುದಿಲ್ಲ. ಆದರೆ ಯಾರಿಗೆ ಹೇಳುತ್ತೀರಿ ಅನ್ನುವುದು ಬಹಳ ಮುಖ್ಯ. ಯೇಸುವನ್ನು ರೊಕ್ಕಕ್ಕೆ ಹಿಡಿದುಕೊಟ್ಟ ಯೂದನೂ ಅರಿಕೆ ಮಾಡಿದ, ಮರೆಯಬೇಡಿ. 30 ಬೆಳ್ಳಿ ನಾಣ್ಯ ಹಿಂದಕ್ಕೆ ತಂದ, ಪಾಪ ಮಾಡಿದೆ ಅಂದ. ಮಹಾಯಾಜಕರು ಅದು ನಮಗೇನು, ನೀನೇ ನೋಡಿಕೋ ಅಂದುಬಿಟ್ಟರು. ಅವನು ಹೋಗಿ ಉರುಲು ಹಾಕಿಕೊಂಡ. ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದ ಪೇತ್ರ ಮಾತ್ರ ಉಳಿದ ಶಿಷ್ಯರ ಜೊತೆಗೇ ಇದ್ದ. ಕೆರೆಯ ದಡದಲ್ಲಿ ಯೇಸುವಿನಿಂದ 'ನನ್ನನ್ನು ಪ್ರೀತಿಸುತ್ತೀಯಾ' ಅಂತ ಮೂರು ಸಲ ಕೇಳಿಸಿಕೊಂಡು, ಮೂರು ಸಲ ಉತ್ತರ ಕೊಟ್ಟ. ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿ ಹೇಳುವ ಕೂಟದಲ್ಲಿ ಎದ್ದು ನಿಂತು ಹೇಳಲು ಹೋಗಬೇಡಿ, ಊಟದ ಹೊತ್ತಿಗೆ ಅದು ಊರ ಸುದ್ದಿ. ಬಾಯಿ ಗಟ್ಟಿ ಇರುವ ಒಬ್ಬರು ಸಾಕು. ಬದುಕೇ ಬೇಡ ಅನ್ನಿಸುತ್ತಿದ್ದರೆ ಪ್ರಾರ್ಥನೆಯೊಂದನ್ನೇ ನಂಬಿ ಒಬ್ಬರೇ ಕೂರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.

ನಾನು ಹೇಳಿದ್ದು ಹೆಂಡತಿಗೆ. ಕಲ್ಲಿನ ಮೇಲೆ ಕೂತಿದ್ದಾಗ ಅವಳೇ ಎದ್ದು ಬಂದು 'ಯಾಕ್ರೀ, ನಿದ್ದಿ ಬರವಲ್ದೇನು?' ಅಂದಳು. ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು 'ಫೀಗೆ ರೊಕ್ಕ ಎಲ್ಲಿಂದ ಬಂತು ಅಂತ ನಾನೂ ಕೇಳಲಿಲ್ಲ' ಅಂದಳು. ಬೆಳಿಗ್ಗೆ ಇಬ್ಬರೂ ಪಾಸ್ಟರ ಮನೆಗೆ ಹೋದೆವು.

ಹಣದ ಮಾತು ಬೇಗ ಮುಗಿಸುತ್ತೇನೆ. ಸುವಾರ್ತೆಯಲ್ಲಿ ಬರುವ ಸುಂಕದವ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದ, ನನ್ನ ಕೈಲಿ ಅಷ್ಟು ಆಗಲಿಲ್ಲ. ತಿಂಗಳಿಗೆ 2,000ದಂತೆ ಆರು ಕಂತು, ಪ್ರತಿ ಕಂತಿಗೂ ರಸೀದಿ. ಖಜಾಂಚಿ ಕೆಲಸ ಹೋಯಿತು. ಹೋಗಬೇಕಾದದ್ದೇ. ದೇವರು ಕ್ಷಮಿಸಿದ ಅಂತ ಕಮಿಟಿಯೂ ಮರುದಿನವೇ ಡಬ್ಬಿ ಕೊಡಬೇಕು ಅನ್ನುವುದು ಪ್ರಾರ್ಥನೆಯಲ್ಲ, ಚೌಕಾಸಿ.

ಕ್ಷಮೆ ಸಿಕ್ಕಿದರೂ ನಾಚಿಕೆ ತಿರುಗಿ ಬರುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಬಂದಾಗ ಹಳೇ ಪಾಪವನ್ನು ಮತ್ತೆ ಅರಿಕೆ ಮಾಡುತ್ತಾ ಕೂರಬಾರದು. ಇವತ್ತಿನದನ್ನು ಇವತ್ತು ಹೇಳಬೇಕು. ನನಗೆ ಆಗ ಒದಗುವುದು 3ನೆಯ ಕೀರ್ತನೆ. ಮಗ ಅಬ್ಷಾಲೋಮನೇ ತಿರುಗಿಬಿದ್ದಾಗ ದಾವೀದ ತಲೆಗೆ ಮುಸುಕು ಹಾಕಿಕೊಂಡು, ಬರಿಗಾಲಲ್ಲಿ, ಅಳುತ್ತಾ ಊರುಬಿಟ್ಟ. ಆ ಹೊತ್ತಿನ ಕೀರ್ತನೆಯಲ್ಲಿ ದೇವರನ್ನು ನನ್ನ ತಲೆ ಎತ್ತುವವನು ಅಂತ ಕರೆಯುತ್ತಾನೆ. ಊರಲ್ಲಿ ತಲೆ ಎತ್ತಿ ತಿರುಗೋಕಾಗಲ್ಲ ಅನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೋದ ಸಲದ ಸುಗ್ಗಿ ಹಬ್ಬಕ್ಕೆ ನಾನೂ ಸವಾಲಿಗೆ ನಿಂತೆ. 350ಕ್ಕೆ ಒಂದು ಕುಂಬಳಕಾಯಿ ನನ್ನ ಹೆಸರಿಗೆ ಬಂತು. ಹಿಂದಿನಿಂದ ಯಾರೋ 'ರೊಕ್ಕ ಎಣಿಸಿ ತಗೋರೀ' ಅಂದರು, ನಾಲ್ಕು ಜನ ನಕ್ಕರು. ನನಗೇ ಅಂದದ್ದೋ, ಸುಮ್ಮನೆ ಅಂದದ್ದೋ. ಮುಖ ಸುಟ್ಟಂತಾಯಿತು. ರಾತ್ರಿ ಕಲ್ಲಿನ ಮೇಲೆ ಕೂತು 'ಸ್ವಾಮಿ, ಇವತ್ತ ಆ ನಗಿ ಕೇಳಿ ಭಾಳ ಸಿಟ್ಟು ಬಂತು, ಅವನ ಮಾರಿ ನೋಡಂಗಿಲ್ಲ ಅನಸೇತಿ' ಅಂದೆ. ಒಳಗೆ ಹೆಂಡತಿ ಕುಂಬಳಕಾಯಿ ಹೆಚ್ಚುತ್ತಿದ್ದಳು. ಅರ್ಧ ಪಕ್ಕದ ಮನೆಗೆ ಕೊಡೋಣ ಅಂದಳು, ಕೊಟ್ಟು ಬಂದೆ.